ಲಾಳ ಕಟ್ಟುವವರನ್ನು ಹತ್ತಿಸಿಕೊಳ್ಳದ ಹಡಗುಗಳು

ವೆನಿಸ್‌ನ ಮಾರ್ಕೊ ಪೋಲೊ ಚೀನಾದಿಂದ ಊರಿಗೆ ಮರಳುವಾಗ, 1290ರ ದಶಕದಲ್ಲಿ, ಪಾಂಡ್ಯರು ಆಳುತ್ತಿದ್ದ ತಮಿಳು ಕರಾವಳಿಯನ್ನು ಹಾದುಹೋದ. ಅರಬರು ಆ ಸೀಮೆಯನ್ನು ಮಾಬಾರ್ ಎಂದು ಕರೆಯುತ್ತಿದ್ದರು. ಅಲ್ಲಿನ ಮುತ್ತು ತೆಗೆಯುವವರ ಬಗ್ಗೆ, ಅರಸರ ಒಡವೆಗಳ ಬಗ್ಗೆ ಬರೆದ ಮೇಲೆ ಅವನು ಕುದುರೆಗಳ ಮಾತೆತ್ತುತ್ತಾನೆ. ಅಣ್ಣತಮ್ಮಂದಿರು ಐವರು ಅಲ್ಲಿ ಅರಸರು. ಒಬ್ಬೊಬ್ಬನೂ ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ. ಹೊರ್ಮುಜ್, ಕಿಶ್, ಧೋಫಾರ್, ಏಡನ್ ಬಂದರುಗಳಿಂದ ಹಡಗು ತುಂಬ ಬರುವ ಕುದುರೆಗಳಿಗೆ ಚಿನ್ನ ತೂಗಿ ಕೊಡುತ್ತಾರೆ. ಹಾಗೆ ಕೊಂಡವುಗಳಲ್ಲಿ ವರ್ಷ ತುಂಬುವಷ್ಟರಲ್ಲಿ ನೂರು ಕೂಡ ಉಳಿಯುವುದಿಲ್ಲ.

ಯಾಕೆ ಉಳಿಯುವುದಿಲ್ಲ? ಮಾರ್ಕೊ ಪೋಲೊ ಕೊಡುವ ಕಾರಣ ಎದೆಗೆ ನಾಟುವಂಥದ್ದು. ಈ ನಾಡಿನಲ್ಲಿ ಲಾಳ ಕಟ್ಟಬಲ್ಲವರು, ಕುದುರೆಗೆ ಮದ್ದು ಮಾಡಬಲ್ಲವರು ಇಲ್ಲ. ಕುದುರೆ ತರುವ ವರ್ತಕರು ಅಂಥವರನ್ನು ಜೊತೆಗೆ ಕರೆತರುವುದಿಲ್ಲ, ಬೇರೆ ಯಾರಾದರೂ ಹೊರಟರೆ ಅವರನ್ನೂ ಬರಗೊಡುವುದಿಲ್ಲ. ಕುದುರೆಗಳು ಬದುಕಿಬಿಟ್ಟರೆ ಮುಂದಿನ ವರ್ಷ ಕೊಳ್ಳುವವರು ಯಾರು?

ಆ ಕಾಲದಲ್ಲಿ ಗೊರಸು ನೋಡುವವನೂ ಕುದುರೆಯ ವೈದ್ಯನೂ ಒಬ್ಬನೇ. ಹೊಟ್ಟೆನೋವಿಗೆ ಕಷಾಯ ಕುಡಿಸುವ ಕೈಯೇ ಲಾಳಕ್ಕೆ ಮೊಳೆಯನ್ನೂ ಹೊಡೆಯುತ್ತಿತ್ತು. ಅವನೊಬ್ಬನನ್ನು ಹಡಗು ಹತ್ತಲು ಬಿಡದಿದ್ದರೆ ಲಾಯಕ್ಕೆ ಲಾಯವೇ ಅನಾಥ. ಈ ಆಪಾದನೆಯನ್ನು ಮಾರ್ಕೊ ಪೋಲೊ ಬಂದರಿನ ಮಾತು ಕೇಳಿ ಬರೆದಿರಬಹುದು. ಲಾಭದ ಲೆಕ್ಕವಂತೂ ಸುಳ್ಳಲ್ಲ. ಕೆಲವೇ ವರ್ಷಗಳ ನಂತರ ಬರೆದ ಪಾರಸಿ ಇತಿಹಾಸಕಾರ ವಸ್ಸಾಫ್ ಕೂಡ ಮಾಬಾರ್ ಮತ್ತು ಅದರ ಆಸುಪಾಸಿನ ಬಂದರುಗಳಿಗೆ ವರ್ಷಕ್ಕೆ 10,000 ಕುದುರೆ ಹೋಗುತ್ತಿದ್ದುದನ್ನೂ ಒಂದಕ್ಕೆ 220 ದಿನಾರ್ ಚಿನ್ನ ಬೆಲೆಯಿದ್ದುದನ್ನೂ ದಾಖಲಿಸಿದ್ದಾನೆ. ದಾರಿಯಲ್ಲಿ ಸತ್ತ ಕುದುರೆಗೂ ಅರಸರೇ ಹಣ ತೆರಬೇಕಿತ್ತು.

ಆದರೂ ಲಾಳವಿಲ್ಲದ್ದರಿಂದಲೇ ಅಷ್ಟು ಕುದುರೆ ಸತ್ತವು ಎಂದು ನಾನು ಒಪ್ಪಲಾರೆ. ಒಪ್ಪದಿರಲು ಕಾರಣ ಮಾರ್ಕೊ ಪೋಲೊನ ಪುಸ್ತಕದಲ್ಲೇ ಇದೆ. ಇಂದಿನ ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳ ಕುದುರೆಗಳನ್ನು ಅವನು ಬಾಯ್ತುಂಬ ಹೊಗಳುತ್ತಾನೆ. ಕಲ್ಲುದಾರಿಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಅವು ಓಡುತ್ತವೆ, ಆದರೂ ಅವಕ್ಕೆ ಲಾಳವಿಲ್ಲ ಎನ್ನುತ್ತಾನೆ. ಬೆಟ್ಟದ ಒಣ ಕಲ್ಲು ನೆಲದಲ್ಲಿ ಹುಟ್ಟಿ ಬೆಳೆದ ಗೊರಸು ತಾನಾಗಿ ಗಟ್ಟಿಯಾಗುತ್ತದೆ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೊನ್ ಹೇಳಿದ್ದೂ ಅದನ್ನೇ. ಲಾಯದ ಹೊರಗೆ ನಾಲ್ಕೈದು ಗಾಡಿ ಉರುಟುಕಲ್ಲು ಹರಡಿ, ಮೈ ಉಜ್ಜುವಾಗ ಕುದುರೆಯನ್ನು ಅದರ ಮೇಲೆ ನಿಲ್ಲಿಸಿ, ಪಾದ ಬಲಿಯುತ್ತದೆ ಎಂಬುದು ಅವನ ಸಲಹೆ. ಗ್ರೀಕರು ಮೊಳೆ ಹೊಡೆದ ಲಾಳವನ್ನು ಕಂಡವರಲ್ಲ. ರೋಮನರು ಕಬ್ಬಿಣದ ತಟ್ಟೆಯನ್ನು ಗೊರಸಿಗೆ ಕಟ್ಟುತ್ತಿದ್ದರು. ಅರ್ಧಚಂದ್ರದ ಕಬ್ಬಿಣ ಮತ್ತು ಮೊಳೆಗಳ ಖಚಿತ ಉಲ್ಲೇಖ ಬರುವುದು 900ರ ಸುಮಾರಿಗೆ, ಬೈಜಾಂಟಿಯಮ್ ಚಕ್ರವರ್ತಿ ಆರನೆಯ ಲಿಯೊನ ಯುದ್ಧಗ್ರಂಥದಲ್ಲಿ. ಅದಕ್ಕೂ ಹಿಂದೆ ಸಾವಿರಾರು ವರ್ಷ ಕುದುರೆ ಬರಿಗಾಲಲ್ಲೇ ಓಡಿದೆ.

ಹಾಗಾದರೆ ಮಾಬಾರಿನಲ್ಲಿ ಆದದ್ದೇನು? ವಸ್ಸಾಫ್ ಬಿಟ್ಟುಹೋದ ವಿವರಗಳನ್ನು ಇಂದಿನ ಪಶುವೈದ್ಯರೊಬ್ಬರ ಮುಂದಿಟ್ಟರೆ ಅವರು ತಲೆ ಚಚ್ಚಿಕೊಂಡಾರು. ಹಡಗಿನಿಂದ ಇಳಿದ ಕುದುರೆಗಳಿಗೆ ಹುರಿದ ಜವೆಗೋಧಿ, ಬೆಣ್ಣೆ ಹಾಕಿ ಬೇಯಿಸಿದ ಜವೆಗೋಧಿ, ಕಾಯಿಸಿದ ಹಾಲು. ದಪ್ಪಗಾಗಲೆಂದು 40 ದಿನ ಲಾಯದಲ್ಲಿ ಗೂಟಕ್ಕೆ ಹಗ್ಗ ಬಿಗಿದು ಕಟ್ಟುತ್ತಿದ್ದರು. ಆಮೇಲೆ ಪಳಗಿಸುವ ಗೋಜಿಗೇ ಹೋಗದೆ ಸವಾರರು ಮೇಲೇರಿ ಓಡಿಸುತ್ತಿದ್ದರು. ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಿದ್ದರೆಂದು ಮಾರ್ಕೊ ಪೋಲೊ ಸೇರಿಸುತ್ತಾನೆ.

ಒಣಹುಲ್ಲು ತಿಂದು ಬೆಳೆದ ಪ್ರಾಣಿಗೆ ಒಮ್ಮೆಲೇ ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿಯೇರುತ್ತದೆ, ಅದರ ವಿಷ ರಕ್ತಕ್ಕೆ ಸೇರಿ ಹೊಡೆತ ಬೀಳುವುದು ಪಾದಕ್ಕೆ. ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಡುವ ಪದರಗಳು ಉರಿಯೆದ್ದು ಬಿಟ್ಟುಕೊಳ್ಳುತ್ತವೆ. ವೈದ್ಯರು ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ಕುದುರೆ ಮುಂಗಾಲು ಊರಲಾರದೆ ಹಿಂಗಾಲ ಮೇಲೆ ಭಾರ ಹಾಕಿ ನಿಲ್ಲುತ್ತದೆ. ಇದರ ಜೊತೆಗೆ 40 ದಿನ ಒಂದೇ ಜಾಗದಲ್ಲಿ, ತನ್ನದೇ ಸಗಣಿ ಗಂಜಲದ ಮೇಲೆ, ಕರಾವಳಿಯ ಸೆಕೆಯಲ್ಲಿ ನಿಲ್ಲಬೇಕು. ಗಂಜಲ ಗೊರಸನ್ನು ಮೆತ್ತಗಾಗಿಸಿ ಕೊಳೆಸುತ್ತದೆ. ಅರಸರು ಆ ಕುದುರೆಗಳನ್ನು ಉಪವಾಸ ಕೆಡವಿ ಕೊಂದಿದ್ದಲ್ಲ, ಅಕ್ಕರೆಯಿಂದ ತಿನ್ನಿಸಿ ಕೊಂದರು. ನನ್ನ ಮಟ್ಟಿಗೆ ಆ ಸಾವುಗಳ ಬಹುಪಾಲು ವಿವರಣೆ ಇಲ್ಲೇ ಇದೆ. ಗೊರಸು ಬಲ್ಲ ಒಬ್ಬ ಬಡವ ಆ ಲಾಯದಲ್ಲಿ ನಿಂತಿದ್ದರೆ ಮೊದಲ ವಾರದಲ್ಲೇ ಹಗ್ಗ ಬಿಚ್ಚಿಸುತ್ತಿದ್ದ.

ನಮ್ಮಲ್ಲಿ ಕುದುರೆಯ ವಿದ್ಯೆ ಇರಲಿಲ್ಲವೆಂದಲ್ಲ. ಮಾರ್ಕೊ ಪೋಲೊ ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ತಳಿ, ಲಕ್ಷಣ, ಕುದುರೆ ಮೇಲಿನ ಚೆಂಡಾಟ ಎಲ್ಲವನ್ನೂ ಬರೆದಿಟ್ಟಿದ್ದ. ಆ ವಿದ್ಯೆ ಅರಮನೆಯ ಗ್ರಂಥದಿಂದ ಲಾಯದ ಆಳಿನ ಕೈಗೆ ಇಳಿಯಿತೇ ಎಂಬುದಷ್ಟೇ ಪ್ರಶ್ನೆ.

ವಿಜಯನಗರದ ಹೊತ್ತಿಗೂ ವ್ಯಾಪಾರದ ರೀತಿ ಬದಲಾಗಲಿಲ್ಲ. ಕುದುರೆ ಈಗ ಭಟ್ಕಳದಲ್ಲಿ ಇಳಿಯುತ್ತಿತ್ತು, 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದ ಮೇಲೆ ಗೋವೆಯಲ್ಲಿ. ಅಲ್ಲಿನ ಅರಸ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿರುವುದು ಮಾಬಾರಿನ ಕಥೆಯ ಮರುಕಳಿಕೆ: ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು. ಅವನ ಬರಹದ ಪ್ರಕಾರ ಆಮೇಲಿನ ಅರಸ ವರ್ಷಕ್ಕೆ ಹೊರ್ಮುಜ್‌ನ ಮತ್ತು ನಾಡತಳಿಯ 13,000 ಕುದುರೆ ಕೊಂಡು, ಒಳ್ಳೆಯವನ್ನು ತಾನಿಟ್ಟುಕೊಂಡು ಉಳಿದವನ್ನು ನಾಯಕರಿಗೆ ಹಂಚುತ್ತಿದ್ದ. ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಕುದುರೆ ನಡೆಸಿಕೊಂಡು ಬರುವ ಪರದೇಶಿ ವರ್ತಕರ ಸಾಲನ್ನು ಇಂದಿಗೂ ನೋಡಬಹುದು. ಮಾರುವವನಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿತು. ಕುದುರೆಯ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆದವನ ಹೆಸರು ಎಲ್ಲೂ ಉಳಿಯಲಿಲ್ಲ.

ಅವನಿಗೆ ಲೆಕ್ಕಪುಸ್ತಕದಲ್ಲಿ ಜಾಗ ಸಿಗುವುದು ಅಕ್ಬರನ ಕಾಲಕ್ಕೆ. ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಬಾದಶಾಹಿ ಲಾಯದ ನೌಕರರ ಪಟ್ಟಿಯಲ್ಲಿ ನಾಲಬಂದ, ಅಂದರೆ ಲಾಳ ಕಟ್ಟುವವನೂ ಇದ್ದಾನೆ. ಕುದುರೆಗೆ ವರ್ಷಕ್ಕೆ ಎರಡು ಸಲ ಲಾಳ. ಒಂದು ಸಲದ ನಾಲ್ಕೂ ಕಾಲಿಗೆ ಮೊದಲು 8 ದಾಮ್ ಇದ್ದದ್ದು 10 ದಾಮ್‌ಗೆ ಏರಿತು. ವರ್ಷಕ್ಕೆ ಎರಡೇ ಸಲ ಎಂಬುದು ಹೊಸ ಕಬ್ಬಿಣದ ಲೆಕ್ಕವಿರಬೇಕು, ಏಕೆಂದರೆ ಗೊರಸು ಅಷ್ಟು ದಿನ ಕಾಯುವುದಿಲ್ಲ. ದಕ್ಷಿಣದಲ್ಲಿ ಹೈದರ್, ಟಿಪ್ಪು, ಮೈಸೂರಿನ ಸಿಲ್ಲೇದಾರ್ ರಿಸಾಲೆ, ಕುಣಿಗಲ್ಲಿನ ಕುದುರೆ ಫಾರಂ, ಹೊಸೂರಿನ ಸೈನ್ಯದ ಕುದುರೆ ಡಿಪೊ, ಕೊನೆಗೆ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಏರಿಹೋದ ಮೈಸೂರು ಲ್ಯಾನ್ಸರ್ಸ್ ತನಕ ಈ ಕಸುಬು ಸೈನ್ಯದ ಬೆನ್ನಿಗೇ ನಡೆಯಿತು. ಸೈನ್ಯ ಕುದುರೆ ಬಿಟ್ಟ ಮೇಲೆ ಅದನ್ನು ಸಾಕಿದ್ದು ಜಟಕಾ.

ಜಟಕಾ ಕುದುರೆಗೆ ಲಾಳ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಮುಂಗಾಲನ್ನು ಹಿಂದಕ್ಕೆ ಮಡಚಿ ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಹಳೆಯ ಮೊಳೆಗಳ ಮಡಿಕೆ ಬಿಡಿಸಿ, ಇಕ್ಕಳದಿಂದ ಲಾಳವನ್ನು ಹಿಮ್ಮಡಿಯ ಕಡೆಯಿಂದ ಮೀಟುತ್ತಾರೆ. ಬೆಳೆದ ಗೊರಸನ್ನು ಕತ್ತರಿಸಿ, ಅರ ಹಾಕಿ ಮಟ್ಟ ಮಾಡುತ್ತಾರೆ. ಗೋಡೆಗೂ ಅಂಗಾಲಿಗೂ ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಹೋಗಬೇಕು, ಒಳಕ್ಕೆ ಸರಿದರೆ ಜೀವದ ಭಾಗ. ಮೊಳೆಯ ತುದಿಯ ಒಂದು ಮೈ ಇಳಿಜಾರಾಗಿರುವುದರಿಂದ ಅದು ಹೊಡೆದಂತೆ ಹೊರಕ್ಕೆ ಬಾಗಿ ಗೋಡೆಯಿಂದ ತಲೆಯೆತ್ತುತ್ತದೆ. ಪಳಗಿದವರು ಕಿವಿಯಿಂದಲೇ ತಿಳಿಯುತ್ತಾರೆ: ಗಟ್ಟಿ ಗೊರಸಿನಲ್ಲಿ ಏಟು ಟಣ್ ಎನ್ನುತ್ತದೆ, ಮೆತ್ತಗಿನದಕ್ಕೆ ಹೋದರೆ ಸದ್ದು ಮಂಕಾಗುತ್ತದೆ. ಅಷ್ಟು ತೆಳ್ಳನೆಯ ಅಂಚಿನಲ್ಲಿ ಆರೆಂಟು ಮೊಳೆ ಕೂರಿಸಿ, ಉರಿ ಟಾರಿನ ಮೇಲೆ ವಾರಗಟ್ಟಲೆ ನಿಲ್ಲುವಂತೆ ಮಾಡುವುದು ಸಾಮಾನ್ಯ ಕೈಚಳಕವಲ್ಲ.

ಇಷ್ಟಾದರೂ ಕೆಲವು ಕುದುರೆಗಳ ಲಾಳ ಮತ್ತೆ ಮತ್ತೆ ಬೀಳುತ್ತದೆ. ಗಾಡಿಯವರು ಲಾಳ ಕಟ್ಟಿದವರನ್ನು ಬೈಯುತ್ತಾರೆ. ಬಹಳ ಸಲ ತಪ್ಪು ತಡಮಾಡಿದವರದ್ದು. ಗೊರಸು ನಮ್ಮ ಬೆರಳಿನ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು. ಆರು ವಾರಕ್ಕೆ ಬದಲಾಯಿಸಬೇಕಾದ ಲಾಳವನ್ನು ದುಡ್ಡು ಉಳಿಸಲು ಮೂರು ತಿಂಗಳು ಎಳೆದರೆ ಮುಂದಿನ ತುದಿ ಉದ್ದವಾಗುತ್ತದೆ. ಆಗ ಮುಂಗಾಲು ನೆಲದಿಂದ ಏಳುವುದು ತಡವಾಗಿ, ಹಿಂದಿನಿಂದ ಬಂದ ಹಿಂಗಾಲು ಅದರ ಲಾಳವನ್ನೇ ತುಳಿದು ಕೀಳುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಗೊರಸು ನೀರು ಹೀರಿ ಊದುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಹೀಗೆ ಊದಿ ಕುಗ್ಗಿ ಮೊಳೆಯ ತೂತು ಸಡಿಲವಾಗುತ್ತದೆ. ಲಾಳ ಬೀಳುವಾಗ ಗೋಡೆಯ ಚೂರನ್ನೂ ಹರಿದುಕೊಂಡು ಹೋಗುತ್ತದೆ. ಮುಂದಿನ ಸಲ ಮೊಳೆಗೆ ಗಟ್ಟಿ ಜಾಗವಿರುವುದಿಲ್ಲ, ಇರುವ ತೂತುಗಳ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ, ಅದು ಇನ್ನೂ ಬೇಗ ಸಡಿಲವಾಗುತ್ತದೆ.

ಈ ಸುತ್ತಿನಿಂದ ಹೊರಬರಲು ಅವಸರದ ದಾರಿ ಇಲ್ಲ. ವಿಯೆನ್ನಾದ ಹೆಸರಾಂತ ಲಿಪಿಜಾನರ್ ತಳಿಯ ಕುದುರೆಗಳ ಒಡೆಯುವ ಗೊರಸಿಗೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಎಂಬ ಜೀವಸತ್ವ ಕೊಟ್ಟು ನೋಡಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಗುಣ ಕಂಡಿತು, ಆದರೆ ಕಾಣಲು ಒಂಬತ್ತು ತಿಂಗಳಾದರೂ ಹಿಡಿಯಿತು. ಹೊಸ ಗೊರಸು ಮೇಲಿನ ಅಂಚಿನಿಂದ ನೆಲಕ್ಕೆ ಇಳಿಯಲು ಮುಂದುಗಡೆ ಹೆಚ್ಚುಕಡಿಮೆ ವರ್ಷವೇ ಬೇಕು. ಅಲ್ಲಿಯವರೆಗೆ ನಿಂತ ಜಾಗ ಒಣಗಿರಬೇಕು, ತುದಿ ಉದ್ದವಾಗಲು ಬಿಡಬಾರದು, ಸಾಧ್ಯವಾದರೆ ಕೆಲವು ವಾರ ಲಾಳ ತೆಗೆದು ಕೆಲಸದಿಂದ ಬಿಡುವು ಕೊಡಬೇಕು. ಅಂಟಿನಿಂದ ಕೂರಿಸುವ ಲಾಳಗಳೂ ಪಾದಕ್ಕೆ ತೊಡಿಸುವ ಬೂಟುಗಳೂ ಈಗ ಇವೆ. ರೇಸ್ ಕುದುರೆಗೆ ಅದೆಲ್ಲ ಸಿಗುತ್ತದೆ, ಬಾಡಿಗೆಯ ಕುದುರೆಗೆ ಸಿಗುವುದಿಲ್ಲ.

ಮದುವೆ ಮೆರವಣಿಗೆಗೆ ಸಿಂಗರಿಸಿ ತರುವ ಕುದುರೆಗಳ ಕಾಲು ನೋಡಿ. ಜರತಾರಿಯ ಜೂಲು, ತಲೆಗೆ ತುರಾಯಿ, ಕೆಳಗೆ ಸೀಳಿದ ಗೊರಸು, ಒಂದು ಕಾಲಿಗೆ ಲಾಳವೇ ಇಲ್ಲ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಈಗ ಯಾವ ವರ್ತಕನೂ ಲಾಳ ಕಟ್ಟುವವರನ್ನು ತಡೆಯುತ್ತಿಲ್ಲ. ಅವರ ಮಕ್ಕಳು ಈ ಕಸುಬಿಗೆ ಬರುತ್ತಿಲ್ಲ, ಯಾಕೆಂದರೆ ದಿನವಿಡೀ ಬಗ್ಗಿ ದುಡಿದರೂ ಸಂಸಾರ ತೂಗಿಸುವಷ್ಟು ಕೂಲಿ ಹುಟ್ಟುವುದಿಲ್ಲ.

ಬೀದರಿನಲ್ಲಿ ನಮ್ಮದೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಇನ್ನೂ ಟಾಂಗಾಗಳಿವೆ, ಬೆಂಗಳೂರಿನ ರೇಸ್ ಲಾಯಗಳಲ್ಲಿ ಈ ವಿದ್ಯೆಯ ಪಳಗಿದ ಕೈಗಳಿವೆ. ಆ ಕೈಗಳ ಕೆಲಸವನ್ನು ಒಂದು ತರಬೇತಿಯಾಗಿ ಕಟ್ಟಿ, ಕಲಿತವರಿಗೆ ಪ್ರಮಾಣಪತ್ರವನ್ನೂ ಸರಿಯಾದ ಕೂಲಿಯನ್ನೂ ಕೊಡುವ ಕೆಲಸವನ್ನು ಸರ್ಕಾರ ಈಗಲೇ ಮಾಡಬೇಕು. ಓದುಗರಲ್ಲಿ ನನ್ನದೊಂದು ಬೇಡಿಕೆ: ಮನೆಯ ಸಮಾರಂಭಕ್ಕೆ ಕುದುರೆ ಕರೆಸುವವರು ಮುಂಗಡ ಕೊಡುವ ಮೊದಲು ಅದರ ನಾಲ್ಕೂ ಕಾಲು ಎತ್ತಿ ತೋರಿಸಲು ಹೇಳಿ. ಲಾಳ ಬಿದ್ದಿದ್ದರೆ, ಗೊರಸು ಒಡೆದಿದ್ದರೆ ಆ ಕುದುರೆಯನ್ನು ಬೇಡವೆನ್ನಿ, ಲಾಳ ಕಟ್ಟಿಸಲು ಒಂದಿಷ್ಟು ಹಣ ಕೊಟ್ಟು ಕಳಿಸಿ.