ಅಗ್ಗದ ಟ್ಯಾಬ್ಲೆಟ್: ಬೆಲೆಯಾಚೆಗೆ ನೋಡಬೇಕಾದ್ದು

ಟ್ಯಾಬ್ಲೆಟ್ ಕೊಳ್ಳುವಾಗ ಬೆಲೆಯೊಂದನ್ನೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ‘ಆಕಾಶ್’ ಸಾಕ್ಷಿ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಈ ಏಳು ಇಂಚಿನ ಸಾಧನಕ್ಕೆ ಸರ್ಕಾರ ಕೊಟ್ಟದ್ದು ಸುಮಾರು 2,250 ರೂಪಾಯಿ. ರ‍್ಯಾಮ್ ಬರೀ 256 ಎಂಬಿ. ಪರದೆಯೋ, ಬೆರಳಿನಿಂದ ಒತ್ತಿದರಷ್ಟೇ ಸ್ಪಂದಿಸುವಂಥದ್ದು. ಮರುವರ್ಷವೇ ಸುಧಾರಿತ ಆಕಾಶ್-2 ಬಂತು.

ಇಂದು 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಕ್ಕಿಂತ ಕಡಿಮೆಯದನ್ನು ಕೊಳ್ಳದಿರುವುದೇ ಲೇಸು. ಸಂಗ್ರಹದ ಒಂದು ಪಾಲನ್ನು ಆಂಡ್ರಾಯ್ಡ್ ತಾನೇ ನುಂಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗವಿದ್ದರೆ ಪಾಠದ ವಿಡಿಯೊಗಳಿಗೆ ಅನುಕೂಲ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ ‘8 ಜಿಬಿ’ಯಲ್ಲಿ ಅರ್ಧ ‘ವರ್ಚುವಲ್’ ರ‍್ಯಾಮ್ ಇರಬಹುದು. ಅದು ಸಂಗ್ರಹದಿಂದಲೇ ಎರವಲು ತಂದದ್ದು, ನಿಜವಾದ ರ‍್ಯಾಮಿನ ವೇಗ ಅದಕ್ಕಿಲ್ಲ.

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಕನ್ನಡದ ಜೊತೆ ತೆಲುಗೂ ಬೇಕು. ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಎರಡನ್ನೂ ಸೇರಿಸಿಕೊಂಡು, ಒಂದು ಗುಂಡಿ ಒತ್ತಿ ಬದಲಿಸಬಹುದು. ಅಂಗಡಿಯಲ್ಲೇ ಒಂದು ಸಾಲು ಬರೆದು ನೋಡಬೇಕು. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಸಿಮ್ ಹಾಕುವ ಮಾದರಿ ಅನುಕೂಲ. ಆದರೆ ಫೋನಿನ ಹಾಟ್‌ಸ್ಪಾಟ್ ಸಾಕೆನ್ನುವವರು ಆ ಹೆಚ್ಚುವರಿ ಹಣ ಉಳಿಸಬಹುದು.

ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿದೆಯೆಂದು ಮೊದಲೇ ಕೇಳಿಕೊಳ್ಳಬೇಕು: ಪರದೆ ಒಡೆದಾಗ ಬೀದರ್‌ಗೋ ಹೈದರಾಬಾದಿಗೋ ಅಲೆಯುವ ಖರ್ಚೂ ಬೆಲೆಯ ಭಾಗವೇ. ಸೆಕೆಂಡ್ ಹ್ಯಾಂಡ್ ಆದರೆ ಬಿಲ್ ಕೇಳಿ, ಹಳೆಯ ಮಾಲೀಕರ ಗೂಗಲ್ ಖಾತೆಯನ್ನು ಅವರಿಂದಲೇ ತೆಗೆಸಬೇಕು. ಇಲ್ಲವಾದರೆ ರೀಸೆಟ್ ಆದ ಮೇಲೆ ಅದು ಅವರ ಪಾಸ್‌ವರ್ಡ್ ಕೇಳಿಕೊಂಡು ಕೂರುತ್ತದೆ.