ಉತ್ತರಕ್ಕೊಂದು ಸಾಲು

ಅಮೆರಿಕದ 1880ರ ಜನಗಣತಿಯ ಲೆಕ್ಕ ಮುಗಿಯುವುದಕ್ಕೆ ಏಳೆಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಮುಂದಿನ ಗಣತಿ ಹತ್ತಿರ ಬಂದಿತ್ತು. 1890ರಲ್ಲಿ ಹರ್ಮನ್ ಹಾಲೆರಿತ್ ಎಂಬ ಎಂಜಿನಿಯರ್ ಕೊಟ್ಟ ಪರಿಹಾರ ತೂತಿನ ಕಾರ್ಡು. ಒಬ್ಬ ವ್ಯಕ್ತಿಗೆ ಒಂದು ಕಾರ್ಡು, ಉತ್ತರಕ್ಕೆ ಗೊತ್ತುಪಡಿಸಿದ ಜಾಗದಲ್ಲಿ ಒಂದು ತೂತು. ಸೂಜಿ ತೂತಿನೊಳಗೆ ಇಳಿದು ಪಾದರಸ ಮುಟ್ಟಿದರೆ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಸರಿಯುತ್ತಿತ್ತು. ಯಾವ ಪ್ರಶ್ನೆಯ ಉತ್ತರವೆಂದು ತಿಳಿಯಲು ತೂತು ಬಿದ್ದ ಜಾಗವೇ ಆಧಾರ.

ಹಾಲೆರಿತ್ ಕಂಪನಿ ಬೇರೆ ಕಂಪನಿಗಳೊಂದಿಗೆ ಬೆರೆತು 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಜಾಗದ ಈ ಹಂಗನ್ನು ಹರಿದದ್ದೂ ಅದೇ ಕಂಪನಿಯವರು. ಅಲ್ಲಿನ ಸಂಶೋಧಕ, ಇಂಗ್ಲೆಂಡ್ ಮೂಲದ ಎಡ್ಗರ್ ಕಾಡ್, 1970ರ ಪ್ರಬಂಧದಲ್ಲಿ ಮಾಹಿತಿಯನ್ನು ಸರಳ ಕೋಷ್ಟಕಗಳಲ್ಲಿಟ್ಟು, ಅವುಗಳ ನಂಟನ್ನು ಮೌಲ್ಯಗಳ ಮೂಲಕವೇ ಹೇಳಬೇಕೆಂದು ವಾದಿಸಿದರು. 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಪ್ರಶ್ನೆಭಾಷೆ ಕಟ್ಟಿದರು. ಇಂದಿನ ಎಸ್‌ಕ್ಯೂಎಲ್ ಅದೇ.

ಇಷ್ಟಾದರೂ ಸಮೀಕ್ಷೆಗೆ ಡೇಟಾಬೇಸ್ ಕಟ್ಟಲು ಕೂತವರಲ್ಲಿ ಅನೇಕರು ಮೊದಲು ಹಾಕುವುದು ಹಳೆಯ ಕಾರ್ಡನ್ನೇ: ಪ್ರಶ್ನೆಗೊಂದು ಕಾಲಂ. ನಮ್ಮ ಜನಗಣತಿ ಮಾತೃಭಾಷೆ ಕೇಳಿ, ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳುತ್ತದೆ. ಅದಕ್ಕೆಂದು ಎರಡು ಕಾಲಂ ಇಟ್ಟರೆ, ಮುಂದೊಂದು ದಿನ ಮೂರನೆಯದನ್ನು ಕೇಳಲು ಕೋಷ್ಟಕವನ್ನೇ ಒಡೆಯಬೇಕು. ತೆಲುಗು ಬಲ್ಲವರೆಷ್ಟು ಎಂದು ಎಣಿಸಲು ಮಾತೃಭಾಷೆಯ ಕಾಲಂ ಜೊತೆಗೆ ಈ ಎರಡನ್ನೂ ಜಾಲಾಡಬೇಕು.

ಕಾಡ್ ತೋರಿದ ದಾರಿಯಲ್ಲಿ ಪ್ರಶ್ನೆಗಳು ಒಂದು ಕೋಷ್ಟಕ, ಆಯ್ಕೆಗಳು ಇನ್ನೊಂದು, ಉತ್ತರಿಸಿದವರು ಮತ್ತೊಂದು. ಉತ್ತರಗಳ ಕೋಷ್ಟಕದ ಪ್ರತಿ ಸಾಲಿನಲ್ಲೂ ಯಾರು, ಯಾವ ಪ್ರಶ್ನೆಗೆ, ಏನು ಹೇಳಿದರು ಎಂಬುದಷ್ಟೇ ಇರುತ್ತದೆ. ಎರಡು ಭಾಷೆ ಹೇಳಿದವರಿಗೆ ಎರಡು ಸಾಲು, ಐದು ಹೇಳಿದವರಿಗೆ ಐದು. ಹೊಸ ಪ್ರಶ್ನೆ ಬಂದರೆ ಪ್ರಶ್ನೆಗಳ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿದರಾಯಿತು. ವಿಶ್ಲೇಷಣೆಗೆ ಪ್ರಶ್ನೆಗೊಂದು ಕಾಲಂ ಇರುವ ಅಗಲದ ಹಾಳೆಯೇ ಅನುಕೂಲ, ನಿಜ. ಅದನ್ನು ಬೇಕಾದಾಗ ಈ ಸಾಲುಗಳಿಂದಲೇ ಹೊರತೆಗೆಯಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಪ್ರಶ್ನೆಯ ಒಕ್ಕಣೆ. ‘ನಿಮಗೆ ಕನ್ನಡ ಬರುತ್ತದೆಯೇ?’ ಎಂದು ಕೇಳಿ, ಅರ್ಧ ಊರು ಮುಗಿದ ಮೇಲೆ ‘ಕನ್ನಡ ಓದಲು ಬರುತ್ತದೆಯೇ?’ ಎಂದು ತಿದ್ದಿದರೆ, ಮೊದಲು ಹೌದು ಎಂದವರ ಬಾಯಲ್ಲಿ ಅವರು ಆಡದ ಮಾತು ಇಟ್ಟಂತೆ. ಉತ್ತರ ಕೊಟ್ಟವರಿಗೆ ಇದು ಅನ್ಯಾಯ. ಸಮೀಕ್ಷೆಯ ಡೇಟಾಬೇಸ್ ಕಟ್ಟುವವರು ದಯವಿಟ್ಟು ಹಳೆಯ ಪ್ರಶ್ನೆಯ ಮೇಲೆ ಹೊಸದನ್ನು ಬರೆಯಬೇಡಿ. ತಿದ್ದಿದ ಒಕ್ಕಣೆಗೆ ಬೇರೆ ಸಾಲು, ಬೇರೆ ಸಂಖ್ಯೆ ಕೊಡಿ.