ಒಡನಾಡಿ ಮಾರ್ಗದರ್ಶಿ: ಹೆಣ್ಣುಮಕ್ಕಳ ನಡುವೆ ಸ್ವಯಂಸೇವೆ

ವಯಸ್ಸಿನಲ್ಲಿಯೂ ಬದುಕಿನ ಪರಿಸ್ಥಿತಿಯಲ್ಲಿಯೂ ತನಗೆ ಹತ್ತಿರವಿರುವ ಇನ್ನೊಬ್ಬಳ ಜೊತೆಗೆ, ತಾನು ಕೆಲವೇ ವರ್ಷಗಳ ಹಿಂದೆ ಹಾದುಬಂದ ಕಷ್ಟದ ಅರಿವನ್ನೇ ಬಂಡವಾಳ ಮಾಡಿಕೊಂಡು, ಸಂಬಳದ ನಿರೀಕ್ಷೆಯಿಲ್ಲದೆ ನಿಯತವಾಗಿ ನಿಲ್ಲುವ ಹೆಣ್ಣುಮಗಳನ್ನು ‘ಒಡನಾಡಿ ಮಾರ್ಗದರ್ಶಿ’ ಎಂದು ಕರೆಯಬಹುದು. ಆಕೆ ಶಿಕ್ಷಕಿಯೂ ಅಲ್ಲ, ಆಪ್ತಸಮಾಲೋಚಕಿಯೂ ಅಲ್ಲ. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವ, ಮನೆಯಲ್ಲಿ ಮದುವೆಯ ಮಾತು ಎದ್ದಿರುವುದನ್ನು ಮುಚ್ಚಿಟ್ಟಿರುವ, ಶುಲ್ಕ ಕಟ್ಟಲಾಗದೆ ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವ ಹುಡುಗಿ ಹಿರಿಯರ ಮುಂದೆ ಆಡಲಾರದ ಮಾತನ್ನು ಅದೇ ಊರಿನ, ಅದೇ ಕಷ್ಟ ಕಂಡ ಅಕ್ಕನ ಮುಂದೆ ಆಡಬಲ್ಲಳೆಂಬ ನಂಬಿಕೆಯೇ ಈ ಸೇವೆಗೆ ಆಧಾರ.

ಈ ನಂಬಿಕೆ ವ್ಯವಸ್ಥೆಯ ರೂಪ ಪಡೆದ ಬಗೆಯನ್ನು ತಿಳಿಯಲು ಆಫ್ರಿಕಾದ ಜಿಂಬಾಬ್ವೆಯ ಕಡೆಗೆ ನೋಡುವುದು ಉಚಿತ. ಹೆಣ್ಣುಮಕ್ಕಳು ಶಾಲೆಯಿಂದ ದೂರ ಉಳಿಯಲು ಕಾರಣವೇನೆಂದು ಅರಿಯಲು 1991ರಲ್ಲಿ ಅಲ್ಲಿನ ಮೋಲಾ ಎಂಬ ಹಳ್ಳಿಗಾಡಿಗೆ ಬಂದ ಬ್ರಿಟನ್ನಿನ ಆ್ಯನ್ ಕಾಟನ್, ಸಂಪ್ರದಾಯದ ವಿರೋಧವೇ ಮುಖ್ಯ ಅಡ್ಡಿಯೆಂಬ ಆಗಿನ ಸಾಮಾನ್ಯ ತಿಳಿವಳಿಕೆ ಅಲ್ಲಿ ನಿಲ್ಲುವುದಿಲ್ಲವೆಂದು ಕಂಡುಕೊಂಡರು. ಎಲ್ಲ ಮಕ್ಕಳನ್ನೂ ಓದಿಸುವ ಶಕ್ತಿಯಿಲ್ಲದ ತಂದೆತಾಯಿಯರು, ಮುಂದೆ ಸಂಬಳದ ಕೆಲಸ ಸಿಗುವ ಸಂಭವ ಯಾರಿಗೆ ಹೆಚ್ಚೋ ಆ ಗಂಡುಮಗುವನ್ನು ಆರಿಸಿಕೊಳ್ಳುತ್ತಿದ್ದರು. ಹೀಗೆ 1993ರಲ್ಲಿ ಹುಟ್ಟಿದ ಕ್ಯಾಮ್ಫೆಡ್ ಸಂಸ್ಥೆ ಮೊದಲಿಗೆ 32 ಹುಡುಗಿಯರ ಓದಿನ ವೆಚ್ಚವನ್ನು ಹೊತ್ತಿತು. 1998ರಲ್ಲಿ ಹೀಗೆ ಓದಿ ಹೊರಬಂದ ಯುವತಿಯರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ನೆರವು ಪಡೆದವರೇ ನೆರವು ನೀಡುವವರಾದ ಈ ತಿರುವನ್ನು ಸಂಸ್ಥೆಯ ಇಡೀ ಚರಿತ್ರೆಯ ಅತಿ ಮುಖ್ಯ ಘಟನೆಯೆಂದು ಎಣಿಸಬೇಕು. ಮೊದಲ ಹುಡುಗಿಯರಲ್ಲಿ ಒಬ್ಬರಾದ ಆ್ಯಂಜಲೀನ್ ಮುರಿಮಿರ್ವಾ ಮುಂದೆ ಆ ಸಂಸ್ಥೆಯ ಮುಖ್ಯಸ್ಥೆಯೇ ಆದರು. 2020ರ ಯಿಡಾನ್ ಶಿಕ್ಷಣ ಪ್ರಶಸ್ತಿಯನ್ನು ಸಂಸ್ಥೆಯ ಸಹೋದ್ಯೋಗಿ ಲೂಸಿ ಲೇಕ್ ಅವರೊಂದಿಗೆ ಹಂಚಿಕೊಂಡರು.

ಈ ಸಂಘದ ಯುವತಿಯರು ತರಬೇತಿ ಪಡೆದು ತಮ್ಮ ಊರಿನ ಸರ್ಕಾರಿ ಪ್ರೌಢಶಾಲೆಗೆ ಮರಳಿ, ಅಲ್ಲಿನ ಮಕ್ಕಳಿಗೆ ‘ಕಲಿಕಾ ಮಾರ್ಗದರ್ಶಿ’ಗಳಾಗಿ ದುಡಿಯುತ್ತಾರೆ. ವಾರಕ್ಕೊಮ್ಮೆ ನಡೆಯುವ ಅವರ ತರಗತಿಯಲ್ಲಿ ಗಣಿತ, ವಿಜ್ಞಾನಗಳ ಬದಲು ಗುರಿಯನ್ನು ಗುರುತಿಸಿಕೊಳ್ಳುವುದು, ಅಂಜಿಕೆಯನ್ನು ಮೀರಿ ಮಾತಾಡುವುದು, ಓದುವ ಕ್ರಮವನ್ನು ರೂಢಿಸಿಕೊಳ್ಳುವುದು, ದೇಹ ಮತ್ತು ಆರೋಗ್ಯದ ತಿಳಿವಳಿಕೆ ಇವೇ ವಿಷಯಗಳಾಗಿದ್ದು, ಹುಡುಗರೂ ಅದರಲ್ಲಿ ಕೂರುತ್ತಾರೆ. ಆದರೆ ಈ ಸೇವೆಯ ನಿಜವಾದ ತೂಕವಿರುವುದು ತರಗತಿಯ ಹೊರಗೆ. ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಾಗ ಮಾರ್ಗದರ್ಶಿ ಅವಳ ಮನೆಗೆ ಹೋಗಿ, ಹೆತ್ತವರೊಡನೆ ಕೂತು, ಕಾರಣವನ್ನು ಕೇಳಿ ತಿಳಿದು, ಶಾಲೆಯ ಜೊತೆಗೋ ಸರ್ಕಾರದ ಕಲ್ಯಾಣ ಇಲಾಖೆಯ ಜೊತೆಗೋ ಅವರನ್ನು ಜೋಡಿಸುತ್ತಾಳೆ. ಆ ಮನೆಯವರಿಗೆ ಅವಳು ಯಾರ ಮಗಳೆಂಬುದು ಗೊತ್ತಿರುತ್ತದೆ, ಅವಳ ಮನೆಯ ಬಡತನವೂ ಗೊತ್ತಿರುತ್ತದೆ. ಆದ್ದರಿಂದ ಅವಳ ಮಾತಿಗಿಂತ ಮೊದಲು ಅವಳ ಬದುಕೇ ಅಲ್ಲಿ ಸಾಕ್ಷಿ ಹೇಳುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಸ್ವತಃ ಬಡವಳಾದ ಯುವತಿಯಿಂದ ಉಚಿತ ದುಡಿಮೆಯನ್ನು ಬಯಸುವುದು ನ್ಯಾಯವೇ? ಹೆಂಗಸರ ದುಡಿಮೆಯನ್ನು ಸೇವೆಯೆಂದು ಹೊಗಳಿ ಬೆಲೆ ಕಟ್ಟದೆ ಬಿಡುವ ಹಳೆಯ ರೂಢಿಗೆ ಸ್ವಯಂಸೇವೆಯೂ ಸುಲಭವಾಗಿ ತುತ್ತಾಗಬಲ್ಲದು. ಕ್ಯಾಮ್ಫೆಡ್ ಇದಕ್ಕೆ ಕಂಡುಕೊಂಡ ಉತ್ತರ ಗಮನಾರ್ಹವಾದುದು. ಮಾರ್ಗದರ್ಶಿಯಾಗುವ ಯುವತಿಗೆ ಸಣ್ಣ ವ್ಯಾಪಾರಕ್ಕೋ ಬೇಸಾಯಕ್ಕೋ ಬಡ್ಡಿಯಿಲ್ಲದ ಸಾಲ ದೊರೆಯುತ್ತದೆ, ಅವಳು ಊರಿಗೆ ಕೊಡುವ ಸಮಯವೇ ಬಡ್ಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಅಲ್ಲದೆ ಆ ಸೇವೆಯ ಅನುಭವವನ್ನೇ ಅಳೆದು ‘ಬಿಟೆಕ್’ ಎಂಬ ಬ್ರಿಟನ್ನಿನ ವೃತ್ತಿ ಅರ್ಹತಾಪತ್ರವನ್ನು ನೀಡುವ ಏರ್ಪಾಡೂ ಇದ್ದು, ಅದು ಕೆಲವರಿಗೆ ಶಿಕ್ಷಕ ತರಬೇತಿಯತ್ತ ಹೋಗುವ ಮೆಟ್ಟಿಲಾಗಿದೆ. ಮಾರ್ಗದರ್ಶಿಯೂ ಬೆಳೆಯುವಂತೆ ಕಟ್ಟಿದ ಸ್ವಯಂಸೇವೆ ಮಾತ್ರ ಬಾಳುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಭಾರತದಲ್ಲಿ 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರ ಆರೋಗ್ಯಕ್ಕಾಗಿ, ಓರಗೆಯವರೇ ಓರಗೆಯವರಿಗೆ ನೆರವಾಗುವ ಇದೇ ತತ್ತ್ವವನ್ನು ಬಳಸಿಕೊಂಡಿದೆ. ಹಳ್ಳಿಯ ಹದಿಹರೆಯದವರಲ್ಲೇ ಹುಡುಗರನ್ನೂ ಹುಡುಗಿಯರನ್ನೂ ಆಶಾ ಕಾರ್ಯಕರ್ತೆಯ ನೆರವಿನಿಂದ ಆರಿಸಿ, ಪೌಷ್ಟಿಕತೆ, ಮಾನಸಿಕ ಆರೋಗ್ಯ, ಮುಟ್ಟಿನ ಶುಚಿತ್ವ, ಹಿಂಸೆ, ದುಶ್ಚಟ ಮೊದಲಾದವುಗಳ ಬಗ್ಗೆ ಓರಗೆಯವರೊಡನೆ ಮಾತಾಡಲು ತಯಾರು ಮಾಡುವುದು ಇದರ ಕ್ರಮ. ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಹೆಸರಿನಿಂದ ನಡೆಯುವ ಹದಿಹರೆಯದವರ ಚಿಕಿತ್ಸಾಲಯಗಳಿಗೆ, ಸಂಕೋಚದಿಂದ ಹಿಂಜರಿಯುವ ಹುಡುಗಿಯನ್ನು ಕರೆದೊಯ್ಯಬಲ್ಲವಳು ಇಂಥ ಗೆಳತಿಯೇ. ಆದರೆ ಆರಿಸಿದ ಹುಡುಗಿ ಓದಿಗೋ ಮದುವೆಯಾಗಿಯೋ ಬೇಗನೆ ಊರು ಬಿಡುವ ವಯಸ್ಸಿನವಳಾದ್ದರಿಂದ ತರಬೇತಿಯನ್ನು ಒಮ್ಮೆ ಕೊಟ್ಟು ಮರೆಯುವಂತಿಲ್ಲ. ಅವಳ ಹಿಂದೆಯೇ ಇನ್ನೊಬ್ಬಳು ಸಿದ್ಧಳಾಗುತ್ತಿರಬೇಕು.

ಒಡನಾಡಿಯ ಕೆಲಸಕ್ಕೆ ಎಲ್ಲೆಯೂ ಇದೆ. ಕೇಳಿದ ಮಾತನ್ನು ಹೊರಗೆ ಆಡಬಾರದೆಂಬುದು ಮೊದಲ ನಿಯಮವಾದರೂ, ಆ ನಿಯಮವನ್ನು ಮೀರಲೇಬೇಕಾದ ಸಂದರ್ಭಗಳಿವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು; ಇಂಥ ಭಾರವನ್ನು ಹದಿನೇಳರ ಹುಡುಗಿಯೊಬ್ಬಳೇ ಹೊರದಂತೆ ಅವಳ ಬೆನ್ನಿಗೆ ಒಬ್ಬ ಹಿರಿಯ ಕಾರ್ಯಕರ್ತೆ ಸದಾ ಇರಬೇಕು. ಆತ್ಮಹತ್ಯೆಯ ಯೋಚನೆಯನ್ನು ಹೇಳಿಕೊಂಡವಳಿಗೆ ಸಮಾಧಾನದ ಮಾತೊಂದೇ ಸಾಲದು, ತಕ್ಷಣ ತಜ್ಞರ ನೆರವು ಬೇಕು.

ಈ ಸೇವೆಗೆ ಮನಸ್ಸು ಮಾಡುವ ಯುವತಿಯರು ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕಂಡು ಮಾತಾಡಬಹುದು. ಆರಂಭಿಸುವ ಮುನ್ನ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ 14416 ಈ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು.